ಖಾಲಿ ಪಿಸ್ತೂಲನ್ನೂ ನಂಬದ ಆಟ

2022ರ ಸೆಪ್ಟೆಂಬರ್ 7ರಂದು ಕೇರಳದ ಫೋರ್ಟ್ ಕೊಚ್ಚಿಯ ಬಳಿ ಕಡಲಲ್ಲಿ ಒಂದು ವಿಚಿತ್ರ ಘಟನೆ ನಡೆಯಿತು. ಮೀನು ಹಿಡಿದು ದಡಕ್ಕೆ ಮರಳುತ್ತಿದ್ದ ದೋಣಿಯಲ್ಲಿದ್ದ ಹಿರಿಯ ಮೀನುಗಾರರೊಬ್ಬರ ಕಿವಿಗೆ ಎಲ್ಲಿಂದಲೋ ಬಂದ ಗುಂಡು ತಾಗಿತು. ಪುಣ್ಯಕ್ಕೆ ಜೀವ ಉಳಿಯಿತು, ಕಿವಿಗೆ ಹೊಲಿಗೆ ಬಿತ್ತು. ಗುಂಡು ದೋಣಿಯಲ್ಲೇ ಸಿಕ್ಕಿತು. ನೌಕಾಪಡೆಯ ಗನ್ನರಿ ಶಾಲೆ ಐಎನ್‌ಎಸ್ ದ್ರೋಣಾಚಾರ್ಯ ಹತ್ತಿರದಲ್ಲೇ ಇರುವುದರಿಂದ ಎಲ್ಲರ ಕಣ್ಣೂ ಆ ಕಡೆಗೆ ಹೊರಳಿತು. ಆ ಗುಂಡು ತನ್ನದಲ್ಲ ಎಂದು ನೌಕಾಪಡೆ ಹೇಳಿತು. ಪೊಲೀಸರು ತನಿಖೆಗೆ ಇಳಿದು ಗುಂಡನ್ನು ತಜ್ಞರ ಪರೀಕ್ಷೆಗೆ ಕಳಿಸಿದರು. ಅದು ಯಾರ ಕೋವಿಯದು ಎಂಬ ತೀರ್ಮಾನ ಈ ಅಂಕಣದ ಕೆಲಸವಲ್ಲ. ಹೊಡೆದವರು ಯಾರೇ ಆಗಿರಲಿ, ಅವರು ಆ ದೋಣಿಗೆ ಗುರಿ ಇಟ್ಟಿರಲಾರರು. ಬಹುಶಃ ಅಲ್ಲೊಂದು ದೋಣಿ ಇದೆ ಎಂಬುದೂ ಅವರಿಗೆ ಗೊತ್ತಿರಲಾರದು. ನಮಗೆ ಬೇಕಾದ ಪಾಠ ಇರುವುದು ಅಲ್ಲೇ.

ಆ ಜಾಗದ ಭೂಗೋಳ ಸ್ವಲ್ಪ ನೋಡಿ. ಮಧ್ಯದಲ್ಲಿ ವಿಲ್ಲಿಂಗ್ಡನ್ ಐಲ್ಯಾಂಡ್. ಕೊಚ್ಚಿ ಬಂದರನ್ನು ಆಳ ಮಾಡಲು ತೆಗೆದ ಹೂಳನ್ನೇ ಸುರಿದು, ರಾಬರ್ಟ್ ಬ್ರಿಸ್ಟೋ ಎಂಬ ಎಂಜಿನಿಯರ್ ಕಳೆದ ಶತಮಾನದ ಇಪ್ಪತ್ತು, ಮೂವತ್ತರ ದಶಕಗಳಲ್ಲಿ ಎಬ್ಬಿಸಿದ ದ್ವೀಪ ಅದು. ಬಂದರು ಅಲ್ಲಿದೆ, ನೌಕಾನೆಲೆಯೂ ಅಲ್ಲಿದೆ. ಪಶ್ಚಿಮಕ್ಕೆ ನೀರು ದಾಟಿದರೆ ಮಟ್ಟಾಂಚೇರಿ, ಫೋರ್ಟ್ ಕೊಚ್ಚಿ, ಪೂರ್ವಕ್ಕೆ ಎರ್ನಾಕುಳಂ. ನಡುವೆ ಹಡಗು, ವಾಹನ ದಾಟಿಸುವ ಜಂಕಾರ್, ಪ್ರವಾಸಿ ಬೋಟು, ಮೀನು ದೋಣಿ. ದೂರದಿಂದ ನೋಡಿದರೆ ಬರೀ ನೀರು. ಹತ್ತಿರ ಹೋದರೆ ಒಂದು ಪೇಟೆ ಬೀದಿಯಷ್ಟು ಓಡಾಟ. ಗುಂಡು ನೀರಿಗೆ ಬಿದ್ದರೆ ಮುಗಿಯಿತು ಎಂದುಕೊಳ್ಳುವ ಹಾಗೂ ಇಲ್ಲ. ಓರೆಯಾಗಿ ನೀರಿಗೆ ತಾಗಿದ ಗುಂಡು, ಹುಡುಗರು ಕೆರೆಗೆ ಎಸೆಯುವ ಬಿಲ್ಲೆಕಲ್ಲಿನಂತೆ ಪುಟಿದು ಮುಂದೆ ಹಾರುತ್ತದೆ. ಆಟಿಕೆಯಂತೆ ಕಾಣುವ .22 ಬೋರಿನ ಪುಟ್ಟ ಗುಂಡು ಕೂಡ ಒಂದೂವರೆ ಕಿಲೋಮೀಟರಿಗಿಂತ ದೂರ ಹೋಗಬಲ್ಲದು. ಆದ್ದರಿಂದಲೇ ಶೂಟಿಂಗ್ ರೇಂಜ್ ಕಟ್ಟುವವರು ಗುರಿ ಹಲಗೆಯ ಬಗ್ಗೆ ಆಮೇಲೆ ಯೋಚಿಸುತ್ತಾರೆ. ಮೊದಲು ಕೇಳುವುದು, ತಪ್ಪಿದ ಗುಂಡು ಎಲ್ಲಿ ಹೋಗಿ ನಿಲ್ಲುತ್ತದೆ ಎಂದು.

ಈ ಪ್ರಶ್ನೆಯನ್ನು ಅತಿ ಕಟ್ಟುನಿಟ್ಟಾಗಿ ಕೇಳಿಕೊಂಡಿರುವ ಕ್ರೀಡೆ ಯಾವುದು ಎಂದರೆ, ನೋಡಲು ಅತಿ ಅಪಾಯಕಾರಿಯಾಗಿ ಕಾಣುವ ಪ್ರಾಕ್ಟಿಕಲ್ ಪಿಸ್ತೂಲ್ ಶೂಟಿಂಗ್. ನಮ್ಮಲ್ಲಿ ಇದರ ಪರಿಚಯ ಕಡಿಮೆ. ಶೂಟಿಂಗ್ ಎಂದರೆ ನಮಗೆ ನೆನಪಾಗುವುದು 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ 25 ಮೀಟರ್ ರ್‍ಯಾಪಿಡ್ ಫೈರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ವಿಜಯ್ ಕುಮಾರ್, 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ, 2024ರಲ್ಲಿ ಪ್ಯಾರಿಸ್‌ನಿಂದ ಎರಡು ಕಂಚು ತಂದ ಮನು ಭಾಕರ್. 2015ರ ಜನವರಿ ಕೊನೆಯಿಂದ ಫೆಬ್ರವರಿ ನಡುವಿನವರೆಗೆ ಕೇರಳದಲ್ಲಿ 35ನೇ ರಾಷ್ಟ್ರೀಯ ಕ್ರೀಡಾಕೂಟ ನಡೆದಾಗ ತಿರುವನಂತಪುರದ ವಟ್ಟಿಯೂರ್‌ಕಾವು ರೇಂಜಿನಲ್ಲಿ ಕಂಡದ್ದೂ ಇದೇ ಬಗೆಯ ಶೂಟಿಂಗ್. ಶೂಟರ್ ತನ್ನ ಕಟ್ಟೆಯಲ್ಲಿ ನಿಂತಲ್ಲೇ ನಿಲ್ಲುತ್ತಾನೆ, ಗುರಿಯೂ ನಿಂತಲ್ಲೇ ಇರುತ್ತದೆ. ನಳಿಗೆ ಮುಂದಕ್ಕೆ ಬಿಟ್ಟರೆ ಬೇರೆಲ್ಲೂ ತಿರುಗುವ ಪ್ರಮೇಯ ಬರುವುದಿಲ್ಲ. ಗುಂಡು ಹಾರಿಸದ ಹೊತ್ತಿನಲ್ಲಿ ಪಿಸ್ತೂಲಿನಲ್ಲಿ ತೋಟಾ ಕೂರುವ ಗೂಡಿನೊಳಗೆ ಎದ್ದು ಕಾಣುವ ಬಣ್ಣದ ಪ್ಲಾಸ್ಟಿಕ್ ದಾರವನ್ನು ತೂರಿಸಿರುತ್ತಾರೆ. ಒಳಗೆ ತೋಟಾ ಇಲ್ಲ ಎಂಬುದು ಹತ್ತು ಹೆಜ್ಜೆ ಆಚೆ ಇರುವವರಿಗೂ ಗೊತ್ತಾಗಲಿ ಎಂದು.

ಪ್ರಾಕ್ಟಿಕಲ್ ಶೂಟಿಂಗ್‌ನಲ್ಲಿ ಈ ಸ್ಥಿರತೆ ಇಲ್ಲ. ಸೊಂಟದ ಹೋಲ್ಸ್ಟರ್‌ನಲ್ಲಿ ತುಂಬಿದ ಪಿಸ್ತೂಲು, ಟೈಮರ್ ಬೀಪ್ ಎಂದೊಡನೆ ಸೆಳೆದು, ಓಡುತ್ತ, ಗೋಡೆಯ ಮರೆಯಿಂದ ಇಣುಕುತ್ತ, ಕಿಟಕಿಯಲ್ಲಿ ಬಾಗುತ್ತ ಹತ್ತಾರು ಗುರಿಗಳಿಗೆ ಹೊಡೆಯಬೇಕು. ನಡುವೆ ಓಡುತ್ತಲೇ ಮ್ಯಾಗಜೀನ್ ಬದಲಿಸಬೇಕು. ಅಮೆರಿಕದ ನೌಕಾ ಪದಾತಿ ದಳದ ನಿವೃತ್ತ ಅಧಿಕಾರಿ ಜೆಫ್ ಕೂಪರ್ ಮತ್ತು ಸಂಗಡಿಗರು 1976ರಲ್ಲಿ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ ಸೇರಿ ಇದಕ್ಕೆ ಅಂತರರಾಷ್ಟ್ರೀಯ ಒಕ್ಕೂಟ ಕಟ್ಟಿದರು. ಅದರ ಚಿಕ್ಕ ಹೆಸರು ಐಪಿಎಸ್‌ಸಿ. ಕೂಪರ್ ಮೊದಲ ಅಧ್ಯಕ್ಷ. ನಿಖರತೆ, ಬಲ, ವೇಗ ಎಂಬ ಮೂರೂ ಒಟ್ಟಿಗೆ ಇರಬೇಕು ಎಂಬುದು ಆಟದ ಧ್ಯೇಯ. ಭಾರತದಲ್ಲಿ ಓಡುತ್ತ ಪಿಸ್ತೂಲು ಹೊಡೆಯುವ ಅಭ್ಯಾಸ ಬಹುಮಟ್ಟಿಗೆ ಪೊಲೀಸ್, ಸೇನೆ, ಕಮಾಂಡೊ ತರಬೇತಿಯ ಒಳಗೇ ಉಳಿದಿದೆ. ಅಲ್ಲಿ ಹೆಚ್ಚಾಗಿ ಬಳಸುವ 9 ಮಿ.ಮೀ. ಪಿಸ್ತೂಲು ಸಾಮಾನ್ಯ ನಾಗರಿಕರಿಗೆ ನಿಷೇಧಿತ ಬೋರ್.

ಆಟ ನಮ್ಮಲ್ಲಿ ಅಪರೂಪವಾದರೂ ಅದರ ನಿಯಮ ಪುಸ್ತಕದಿಂದ ನಾವು ಕಲಿಯುವುದು ಬಹಳ ಇದೆ. ಏಕೆಂದರೆ ಆ ಪುಸ್ತಕ ಬರೆದವರು ಮನುಷ್ಯನ ಬಗ್ಗೆ ಒಂದು ವಿಷಯವನ್ನು ಮೊದಲೇ ಒಪ್ಪಿಕೊಂಡಿದ್ದಾರೆ: ಅವಸರದಲ್ಲಿ ಅವನು ತಪ್ಪು ಮಾಡಿಯೇ ಮಾಡುತ್ತಾನೆ. ಹೊಸಬನೂ ಮಾಡುತ್ತಾನೆ, ಚಾಂಪಿಯನ್ನೂ ಮಾಡುತ್ತಾನೆ. ಹಾಗಾದರೆ ಒಂದು ತಪ್ಪು ನಡೆದರೂ ಯಾರೂ ಸಾಯದ ಹಾಗೆ ವ್ಯವಸ್ಥೆ ಮಾಡುವುದು ಹೇಗೆ? ಉಳಿದ ನಿಯಮಗಳೆಲ್ಲ ಈ ಪ್ರಶ್ನೆಗೆ ಕೊಟ್ಟ ಉತ್ತರಗಳು.

ಒಬ್ಬ ಸ್ಪರ್ಧಿಯ ಸರದಿ ಹೇಗೆ ನಡೆಯುತ್ತದೆ ನೋಡೋಣ. ಮೊದಲು ಬರಿಗೈಯಲ್ಲಿ ಮೈದಾನ ನೋಡಲು ಕೆಲವು ನಿಮಿಷ. ಸ್ಪರ್ಧಿಗಳು ಕೈಯನ್ನೇ ಪಿಸ್ತೂಲಿನಂತೆ ಹಿಡಿದು, ಎಲ್ಲಿ ನಿಲ್ಲಬೇಕು, ಎಲ್ಲಿ ಮ್ಯಾಗಜೀನ್ ಬದಲಿಸಬೇಕು ಎಂದು ಲೆಕ್ಕ ಹಾಕುತ್ತ ಅಡ್ಡಾಡುತ್ತಾರೆ. ಹೊರಗಿನವರಿಗೆ ಇದು ತಮಾಷೆಯಾಗಿ ಕಾಣುತ್ತದೆ. ಆದರೆ ತುಂಬಿದ ಪಿಸ್ತೂಲು ಕೈಗೆ ಬಂದ ಮೇಲೆ ಹೊಸದಾಗಿ ಯೋಚಿಸುವ ಪ್ರಸಂಗ ಬರಬಾರದು ಎಂಬುದೇ ಈ ನಡಿಗೆಯ ಉದ್ದೇಶ. ಹೆಸರು ಕರೆದ ಮೇಲೆ ರೇಂಜ್ ಆಫೀಸರ್ ಹೇಳುವವರೆಗೆ ಪಿಸ್ತೂಲಿಗೆ ಕೈ ಹಾಕುವಂತಿಲ್ಲ. ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಇದೆಯೇ ಎಂದು ನೋಡಿದ ಮೇಲೆ ತುಂಬಲು ಅಪ್ಪಣೆ. ‘ಸಿದ್ಧವೇ?’ ‘ಸ್ಟ್ಯಾಂಡ್‌ಬೈ’. ಆಮೇಲೆ ಬೀಪ್. ಅಲ್ಲಿಂದ ಮುಂದೆ ಆಫೀಸರ್ ಸ್ಪರ್ಧಿಯ ಬೆನ್ನಿಗೇ ಇರುತ್ತಾನೆ. ಅವನು ಗುರಿ ನೋಡುವುದಿಲ್ಲ. ಅವನ ಕಣ್ಣು ಇರುವುದು ಎರಡೇ ಕಡೆ: ನಳಿಗೆಯ ಬಾಯಿ ಎತ್ತ ತಿರುಗಿದೆ, ತೋರುಬೆರಳು ಎಲ್ಲಿದೆ.

ನಳಿಗೆಗೆ ಒಂದು ಗಡಿ ಇದೆ. ಗುಂಡು ತಡೆಯಲು ಎದುರಿಗೆ ಇರುವ ಮಣ್ಣಿನ ದಿಬ್ಬದ ನೇರಕ್ಕೆ ಎಡಕ್ಕೆ 90 ಡಿಗ್ರಿ, ಬಲಕ್ಕೆ 90 ಡಿಗ್ರಿ. ಪಿಸ್ತೂಲಿನ ಬಾಯಿ ಆ ಗಡಿ ದಾಟಿ ಹಿಂದಕ್ಕೆ ತಿರುಗಿದರೆ, ಗುಂಡು ಹಾರಲಿ ಬಿಡಲಿ, ಆಫೀಸರ್ ‘ಸ್ಟಾಪ್’ ಎನ್ನುತ್ತಾನೆ. ಸ್ಪರ್ಧಿಯ ಕೂಟ ಅಲ್ಲಿಗೆ ಮುಗಿಯಿತು. ಆ ಸುತ್ತಿನ ಅಂಕ ಮಾತ್ರ ಹೋಗುವುದಲ್ಲ, ಇಡೀ ಕೂಟದಿಂದಲೇ ಹೊರಗೆ. ವಿಮಾನ ಹತ್ತಿ ಬಂದವನಾದರೂ ಅಷ್ಟೇ, ಮೊದಲ ಸ್ಥಾನದಲ್ಲಿದ್ದವನಾದರೂ ಅಷ್ಟೇ. ಬಲಗೈ ಶೂಟರ್‌ಗಳು ಈ ಗಡಿ ದಾಟುವುದು ಹೆಚ್ಚಾಗಿ ಎಡಕ್ಕೆ ಓಡುತ್ತ ಮ್ಯಾಗಜೀನ್ ಬದಲಿಸುವಾಗ. ಓಟದ ಕಡೆಗೆ ಮೈ ತಿರುಗುತ್ತದೆ, ಮೈಯ ಜೊತೆ ಕೈ ತಿರುಗುತ್ತದೆ, ಕಣ್ಣು ಮ್ಯಾಗಜೀನ್ ತೂರುವ ತೂತಿನ ಮೇಲಿರುತ್ತದೆ. ನಳಿಗೆ ಸದ್ದಿಲ್ಲದೆ ಹಿಂದಿನ ಜನರ ಕಡೆಗೆ ಹೊರಳಿಬಿಡುತ್ತದೆ. ತಾನು ಗಡಿ ದಾಟಿದ್ದು ಎಷ್ಟೋ ಬಾರಿ ಸ್ಪರ್ಧಿಗೇ ಗೊತ್ತಾಗುವುದಿಲ್ಲ. ಆದ್ದರಿಂದ ಅನುಭವಿಗಳು ಪಾದ ಎಡಕ್ಕೆ ಹಾಕಿದರೂ ಸೊಂಟದಿಂದ ಮೇಲಿನ ಮೈಯನ್ನು ದಿಬ್ಬದ ಕಡೆಗೇ ಇಟ್ಟುಕೊಳ್ಳುವುದನ್ನು ಬೇರೆಯಾಗಿ ಅಭ್ಯಾಸ ಮಾಡುತ್ತಾರೆ.

ಹೀಗೆ ಹೊರಗೆ ಹಾಕಲು ಬೇರೆ ಕಾರಣಗಳೂ ಇವೆ. ಓಡುವಾಗ, ತುಂಬುವಾಗ, ಸಿಕ್ಕಿಕೊಂಡ ತೋಟಾ ಬಿಡಿಸುವಾಗ ಬೆರಳು ಟ್ರಿಗರ್ ಸುತ್ತಿನ ಕಟ್ಟಿನೊಳಗಿದ್ದರೆ ಹೊರಗೆ. ನಳಿಗೆ ತನ್ನದೇ ಕೈ, ಕಾಲಿನ ಮೇಲೆ ಹಾದರೂ ಹೊರಗೆ. ಗುಂಡು ದಿಬ್ಬದ ಮೇಲಿಂದ ಹಾರಿ ಹೋದರೆ, ಅಥವಾ ಹತ್ತಿರದ ಗುರಿಗೆ ಹೊಡೆಯುವ ಹೊತ್ತಲ್ಲದೆ ಮೂರು ಮೀಟರ್ ಒಳಗಿನ ನೆಲಕ್ಕೆ ಬಡಿದರೆ ಹೊರಗೆ. ಮದ್ಯದ ಅಮಲಿನಲ್ಲಿ ಬಂದರೆ ಹೇಳುವುದೇ ಬೇಡ. ಉಕ್ಕಿನ ಗುರಿಗೆ ಏಳು ಮೀಟರಿಗಿಂತ ಹತ್ತಿರ ನಿಂತು ಹೊಡೆಯುವ ಹಾಗಿಲ್ಲ, ಸಿಡಿದ ಸೀಸದ ಚೂರು ಮರಳಿ ಬರುತ್ತದೆ.

ಇವುಗಳಲ್ಲಿ ನನಗೆ ಅತಿ ಸೂಕ್ಷ್ಮವಾಗಿ ಕಂಡದ್ದು ಕೆಳಗೆ ಬಿದ್ದ ಪಿಸ್ತೂಲಿನ ನಿಯಮ. ಸರದಿಯಲ್ಲಿ ಪಿಸ್ತೂಲು ಕೈಜಾರಿದರೆ ಸ್ಪರ್ಧೆ ಮುಗಿದಂತೆ. ಸರದಿ ಇಲ್ಲದ ಹೊತ್ತಿನಲ್ಲಿ, ಖಾಲಿ ಪಿಸ್ತೂಲು ಹೋಲ್ಸ್ಟರ್‌ನಿಂದ ಜಾರಿ ಬಿದ್ದರೆ ಅದು ತಪ್ಪಲ್ಲ. ಆದರೆ ಬಿದ್ದದ್ದನ್ನು ತಾನೇ ಬಗ್ಗಿ ಎತ್ತಿಕೊಂಡರೆ ತಪ್ಪು, ಆಗ ಹೊರಗೆ. ಆಫೀಸರ್ ಬಂದು ಎತ್ತಿ, ಪರೀಕ್ಷಿಸಿ, ಕೊಡುವವರೆಗೆ ನಿಂತಲ್ಲೇ ನಿಲ್ಲಬೇಕು. ಮೊದಲ ಓದಿಗೆ ಇದು ಅತಿರೇಕ ಅನ್ನಿಸುತ್ತದೆ. ಆದರೆ ಬೀಳುವ ವಸ್ತುವನ್ನು ಗಪ್ಪನೆ ಹಿಡಿಯಲು ಹೋಗುವುದು ಮನುಷ್ಯನ ಹುಟ್ಟುಗುಣ. ಹಾಗೆ ಹಿಡಿಯುವ ಕೈಯ ಬೆರಳು ಸೇರುವುದು ನೇರ ಟ್ರಿಗರ್‌ಗೆ. ಇಂದಿನ ಒಳ್ಳೆಯ ಪಿಸ್ತೂಲುಗಳು ನೆಲಕ್ಕೆ ಬಿದ್ದ ಮಾತ್ರಕ್ಕೆ ಸಾಮಾನ್ಯವಾಗಿ ಸಿಡಿಯದಂತೆ ರಚನೆಯಾಗಿವೆ. ಹಳೆಯ ರಿವಾಲ್ವರ್‌ಗಳಿಗೆ ಆ ಭರವಸೆ ಇಲ್ಲ. ನಟ ಗೋವಿಂದ 2024ರ ಅಕ್ಟೋಬರ್ 1ರ ಬೆಳಗ್ಗೆ ಮುಂಬೈಯ ತಮ್ಮ ಮನೆಯಲ್ಲಿ ಪರವಾನಗಿಯ ರಿವಾಲ್ವರ್ ಎತ್ತಿಡುವಾಗ ಅದು ಕೈಜಾರಿ ಬಿದ್ದು, ಗುಂಡು ಕಾಲಿಗೆ ಹೊಕ್ಕಿತು ಎಂದು ಸುದ್ದಿಯಾಗಿತ್ತು. ತುಂಬಿದ ರಿವಾಲ್ವರನ್ನು ಕಪಾಟಿಗೆ ಇಡಲು ಹೋಗುವ ಹವ್ಯಾಸಕ್ಕೆ ಸ್ಪರ್ಧೆಯಲ್ಲಿ ಜಾಗವೇ ಇಲ್ಲ. ಅಲ್ಲಿ ಸರದಿ ಬರುವವರೆಗೆ ಎಲ್ಲರ ಪಿಸ್ತೂಲೂ ಖಾಲಿ.

ಇನ್ನು ಸರದಿ ಮುಗಿಯುವ ಕ್ರಮ. ನನ್ನ ಲೆಕ್ಕದಲ್ಲಿ ಇಡೀ ನಿಯಮ ಪುಸ್ತಕದ ಸಾರ ಇಲ್ಲಿದೆ. ಕೊನೆಯ ಗುಂಡಿನ ಬಳಿಕ ಆಫೀಸರ್ ಹೇಳುತ್ತಾನೆ: ‘ಮುಗಿದಿದ್ದರೆ ಖಾಲಿ ಮಾಡಿ ತೋರಿಸಿ.’ ಸ್ಪರ್ಧಿ ಮೊದಲು ಮ್ಯಾಗಜೀನ್ ಹೊರತೆಗೆಯುತ್ತಾನೆ. ಆಮೇಲೆ ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆಯುತ್ತಾನೆ, ಗೂಡಿನಲ್ಲಿದ್ದ ತೋಟಾ ಹೊರಗೆ ಹಾರುತ್ತದೆ. ಖಾಲಿ ಗೂಡನ್ನು ತಾನೂ ನೋಡುತ್ತಾನೆ, ಆಫೀಸರಿಗೂ ತೋರಿಸುತ್ತಾನೆ. ಅನಂತರ ಸ್ಲೈಡ್ ಮುಚ್ಚಿ, ಮಣ್ಣಿನ ದಿಬ್ಬಕ್ಕೆ ಗುರಿ ಇಟ್ಟು ಟ್ರಿಗರ್ ಒತ್ತುತ್ತಾನೆ. ‘ಕ್ಲಿಕ್’ ಎಂಬ ಸದ್ದು ಕೇಳಬೇಕು. ಆಮೇಲೆ ಪಿಸ್ತೂಲು ಹೋಲ್ಸ್ಟರ್‌ಗೆ. ಆಗ ಮಾತ್ರ ‘ರೇಂಜ್ ಕ್ಲಿಯರ್’. ಅಲ್ಲಿಯವರೆಗೆ ಗುರಿಗಳ ಹತ್ತಿರ ಒಬ್ಬನೂ ಹೋಗುವಂತಿಲ್ಲ.

ಈ ಕ್ರಮದಲ್ಲಿ ಮೊದಲ ಎರಡು ಹೆಜ್ಜೆಗಳನ್ನು ಅದಲು ಬದಲು ಮಾಡಿ ನೋಡಿ. ಮ್ಯಾಗಜೀನ್ ಒಳಗೇ ಇರುವಾಗ ಸ್ಲೈಡ್ ಎಳೆದರೆ ಒಂದು ತೋಟಾ ಹೊರಗೆ ಬೀಳುತ್ತದೆ. ಅದನ್ನು ಕಣ್ಣಾರೆ ಕಂಡವನಿಗೆ ಪಿಸ್ತೂಲು ಖಾಲಿಯಾಯಿತು ಎಂಬ ನೆಮ್ಮದಿ. ಆದರೆ ಸ್ಲೈಡ್ ಮುಂದೆ ಬರುವಾಗ ಮ್ಯಾಗಜೀನಿನಿಂದ ಇನ್ನೊಂದು ತೋಟಾವನ್ನು ತಳ್ಳಿಕೊಂಡು ಬಂದು ಗೂಡಿಗೆ ಕೂರಿಸಿಬಿಟ್ಟಿರುತ್ತದೆ. ಆಮೇಲೆ ಮ್ಯಾಗಜೀನ್ ತೆಗೆದರೂ ಗೂಡಿನಲ್ಲಿ ಒಂದು ಉಳಿದೇ ಇದೆ. ‘ಖಾಲಿ ಇತ್ತು ಸಾರ್, ನಾನೇ ತೆಗೆದಿದ್ದೆ’ ಎಂದು ಹೇಳುವವನು ಸುಳ್ಳು ಹೇಳುತ್ತಿಲ್ಲ. ಅವನು ನಿಜವಾಗಿಯೂ ತೆಗೆದಿದ್ದ, ಹೆಜ್ಜೆ ಮಾತ್ರ ಹಿಂದುಮುಂದಾಗಿತ್ತು.

ಸ್ಪರ್ಧೆಯಲ್ಲಿ ಇದೇ ತಪ್ಪು ನಡೆದರೆ? ಗೂಡನ್ನು ಇಬ್ಬರು ನೋಡುತ್ತಾರೆ, ಒಬ್ಬರಿಗಾದರೂ ಕಾಣುತ್ತದೆ. ಇಬ್ಬರಿಗೂ ಕಾಣಲಿಲ್ಲ ಎನ್ನಿ, ಕೊನೆಯ ‘ಕ್ಲಿಕ್’ ಬದಲು ‘ಢಂ’ ಎನ್ನುತ್ತದೆ. ಗುಂಡು ಮಣ್ಣಿಗೆ ಹೋಗುತ್ತದೆ, ಸ್ಪರ್ಧಿ ತಲೆ ತಗ್ಗಿಸಿ ಮನೆಗೆ ಹೋಗುತ್ತಾನೆ. ಗಾಯ ಯಾರಿಗೂ ಇಲ್ಲ. ಒಂದು ತಪ್ಪಿನ ಹಿಂದೆ ಇನ್ನೊಂದು ತಡೆ, ಅದರ ಹಿಂದೆ ಮತ್ತೊಂದು. ಯಾರಾದರೂ ಸಾಯಬೇಕಾದರೆ ಎರಡು ಮೂರು ತಪ್ಪುಗಳು ಒಂದೇ ಕ್ಷಣದಲ್ಲಿ ಕೂಡಿಬರಬೇಕು. ಹಾಗೆ ಕೂಡಿಬರದಂತೆ ನೋಡಿಕೊಳ್ಳಲು ಸ್ಪರ್ಧಿಯ ಹಿಂದೆ ಒಬ್ಬ ಮನುಷ್ಯನನ್ನೇ ನಿಲ್ಲಿಸಿದ್ದಾರೆ.

ಈ ತಡೆಗಳಿಲ್ಲದ ಕಡೆ ಏನಾಗುತ್ತದೆ ಎಂಬುದಕ್ಕೆ 2023ರ ಡಿಸೆಂಬರ್ 8ರ ಅಲಿಗಢದ ಪೊಲೀಸ್ ಠಾಣೆ ಸಾಕ್ಷಿ. ಪಾಸ್‌ಪೋರ್ಟ್ ಪರಿಶೀಲನೆಗೆಂದು ಬಂದ ಮಹಿಳೆ ಮೇಜಿನ ಮುಂದೆ ನಿಂತಿದ್ದಾರೆ. ಸಬ್ ಇನ್ಸ್‌ಪೆಕ್ಟರ್ ಒಬ್ಬರ ಕೈಗೆ ಸಹೋದ್ಯೋಗಿ ಪಿಸ್ತೂಲು ಕೊಡುತ್ತಾರೆ. ಅವರು ಅದನ್ನು ನಿಂತಲ್ಲೇ ಹಿಡಿದು ನೋಡುತ್ತಾರೆ, ಗುಂಡು ಆಕೆಯ ತಲೆಗೆ ತಾಗುತ್ತದೆ. ಕ್ಯಾಮೆರಾದಲ್ಲಿ ದಾಖಲಾದ ಆ ದೃಶ್ಯವನ್ನು ದೇಶವೇ ನೋಡಿತು; ಆ ಮಹಿಳೆ ಬದುಕಲಿಲ್ಲ. ಅಲ್ಲಿ ಗೂಡು ನೋಡುವ ಎರಡನೇ ಜೊತೆ ಕಣ್ಣು ಇರಲಿಲ್ಲ, ಗುಂಡು ತಡೆಯುವ ಮಣ್ಣಿನ ದಿಬ್ಬವೂ ಇರಲಿಲ್ಲ. 2021ರ ಅಕ್ಟೋಬರ್ 21ರಂದು ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ‘ರಸ್ಟ್’ ಸಿನಿಮಾ ಸೆಟ್ಟಿನಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತದ್ದೂ ಹೀಗೆಯೇ. ‘ಇದರಲ್ಲಿ ಏನೂ ಇಲ್ಲ’ ಎಂಬ ಮಾತಿನೊಂದಿಗೆ ನಟನ ಕೈಗೆ ಬಂದ ರಿವಾಲ್ವರಿನಲ್ಲಿ ನಿಜವಾದ ತೋಟಾ ಇತ್ತು. ಆಯುಧಗಳ ಹೊಣೆ ಹೊತ್ತಿದ್ದ ಯುವತಿಗೆ 2024ರಲ್ಲಿ ಶಿಕ್ಷೆಯಾಯಿತು. ಎರಡೂ ಕಡೆ ಪಿಸ್ತೂಲು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಅದರ ಜೊತೆ ನಂಬಿಕೆಯೂ ಕೈ ಬದಲಾಯಿಸಿತು. ಗೂಡನ್ನು ತೆರೆದು ನೋಡುವ ಕೆಲಸ ಯಾರ ಕೈಯಲ್ಲೂ ಉಳಿಯಲಿಲ್ಲ.

ನಂಬಿಕೆಯ ಇನ್ನೊಂದು ಮುಖ ಲೆಕ್ಕದ ಪುಸ್ತಕ. ತಿರುವನಂತಪುರದ ವಿಶೇಷ ಸಶಸ್ತ್ರ ಪೊಲೀಸ್ ಬೆಟಾಲಿಯನ್ನಿನಲ್ಲಿ 25 ಇನ್ಸಾಸ್ ರೈಫಲ್ ಮತ್ತು 12,061 ತೋಟಾ ಲೆಕ್ಕಕ್ಕೆ ಸಿಗುತ್ತಿಲ್ಲ ಎಂದು 2020ರ ಫೆಬ್ರವರಿಯಲ್ಲಿ ಹೊರಬಿದ್ದ ಸಿಎಜಿ ವರದಿ ಹೇಳಿದಾಗ ಕೇರಳದಲ್ಲಿ ಗದ್ದಲವೇ ಎದ್ದಿತು. ರೈಫಲ್‌ಗಳು ಎಲ್ಲೂ ಹೋಗಿಲ್ಲ, ದಾಖಲೆಯ ದೋಷ ಎಂದು ಪೊಲೀಸರು ಆಮೇಲೆ ಎಣಿಸಿ ತೋರಿಸಿದರು. ಅವರ ಮಾತನ್ನೇ ಒಪ್ಪೋಣ. ಆಗಲೂ ಪ್ರಶ್ನೆ ಉಳಿಯುತ್ತದೆ. ಆಯುಧಾಗಾರದಲ್ಲಿ ಪುಸ್ತಕ ಒಂದು ಹೇಳಿ ಕಪಾಟು ಇನ್ನೊಂದು ಹೇಳಿದರೆ, ಕಳ್ಳತನ ನಡೆದ ದಿನ ಅದು ಗೊತ್ತಾಗುವುದು ಹೇಗೆ? ಶಿಸ್ತಿನ ರೇಂಜಿನಲ್ಲಿ ಕೊಟ್ಟ ತೋಟಾ ಎಷ್ಟು, ಹಾರಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಆಯಾ ದಿನವೇ ತಾಳೆ ನೋಡುತ್ತಾರೆ. ಖಾಲಿ ಹಿತ್ತಾಳೆ ಕೊಳವೆಯನ್ನು ಹುಲ್ಲಿನಲ್ಲಿ ಹುಡುಕಿ ಎಣಿಸುವುದು ಬೇಸರದ ಕೆಲಸವೇ. ಆದರೂ ಅದು ಮುಗಿಯದೆ ಯಾರೂ ಜೀಪು ಹತ್ತುವುದಿಲ್ಲ.

ಇಷ್ಟೆಲ್ಲ ನಿಯಮ ಹೇರಿದರೆ ಆಟದ ಸ್ವಾರಸ್ಯ ಉಳಿಯುತ್ತದೆಯೇ ಎಂದು ಕೇಳಬಹುದು. ಅಂಕ ಕೊಡುವ ಪದ್ಧತಿ ನೋಡಿದರೆ ಉತ್ತರ ಸಿಗುತ್ತದೆ. ಗಳಿಸಿದ ಅಂಕವನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸುತ್ತಾರೆ. 12 ಕಾಗದದ ಗುರಿ, ಒಂದಕ್ಕೆ ಎರಡರಂತೆ 24 ಗುಂಡು, ನಡುಭಾಗಕ್ಕೆ ತಾಗಿದರೆ ತಲಾ 5; ಒಟ್ಟು 120 ಅಂಕ ಎಂದುಕೊಳ್ಳಿ. ಒಬ್ಬ 18 ಸೆಕೆಂಡಿನಲ್ಲಿ ಮಿಂಚಿನಂತೆ ಮುಗಿಸಿದ, ಆದರೆ ಎರಡು ಗುಂಡು ತಪ್ಪಿತು. ತಪ್ಪಿದ ಗುಂಡಿನ 5 ಅಂಕ ಹೋಗುವುದಲ್ಲದೆ ತಲಾ 10 ದಂಡ. ಉಳಿದ 22 ಗುಂಡೂ ನಡುಭಾಗಕ್ಕೇ ಬಿದ್ದರೂ ಅವನಿಗೆ ಸಿಗುವುದು 90, ಅಂದರೆ ಸೆಕೆಂಡಿಗೆ 5. ಇನ್ನೊಬ್ಬ 21 ಸೆಕೆಂಡು ತೆಗೆದುಕೊಂಡು 116 ಗಳಿಸಿದ. ಅವನದು ಸುಮಾರು 5.5. ಮೂರು ಸೆಕೆಂಡು ನಿಧಾನವಾದವನೇ ಗೆದ್ದ. ಗುರಿಗಳ ನಡುವೆ ಬಿಳಿಯ ‘ಹೊಡೆಯಬಾರದ’ ಗುರಿಗಳನ್ನೂ ನಿಲ್ಲಿಸಿರುತ್ತಾರೆ. ಅವು ಅಮಾಯಕರ ಸಂಕೇತ, ತಾಗಿದರೆ ಮತ್ತೆ 10 ಅಂಕ ಕಡಿತ. ಕೈಗೆ ಬಂದಷ್ಟು ಗುಂಡು ಸುರಿಸುವವನನ್ನು ಈ ಲೆಕ್ಕಾಚಾರವೇ ಹಿಂದಕ್ಕೆ ತಳ್ಳುತ್ತದೆ.

ಕಣ್ಣಿಗೆ ಕಾಣದ ಅಪಾಯಗಳೂ ಉಂಟು. ಪಿಸ್ತೂಲಿನ ಒಂದು ಹೊಡೆತದ ಸದ್ದು 150 ಡೆಸಿಬೆಲ್ ದಾಟುತ್ತದೆ. ಕಿವಿಯೊಳಗಿನ ಸೂಕ್ಷ್ಮ ರೋಮಕೋಶಗಳಿಗೆ ಒಂದೇ ಹೊಡೆತವೂ ಕಾಯಂ ಪೆಟ್ಟು ಕೊಡಬಹುದು, ಸತ್ತ ಕೋಶ ಮತ್ತೆ ಚಿಗುರುವುದಿಲ್ಲ. ಗುಂಡಿನ ಸೀಸ, ಮದ್ದಿನ ಹೊಗೆ ಕೈಗೆ ಮೆತ್ತಿಕೊಳ್ಳುತ್ತವೆ. ಆದ್ದರಿಂದ ಒಳ್ಳೆಯ ರೇಂಜಿನಲ್ಲಿ ಕೈ ತೊಳೆಯದೆ ತಿಂಡಿಗೆ ಕೂರಲು ಬಿಡುವುದಿಲ್ಲ. ಮಕ್ಕಳಿರುವ ಮನೆಗೆ ಹೋಗುವವರು ಬಟ್ಟೆಯನ್ನೂ ಬದಲಿಸುತ್ತಾರೆ.

ಇದೆಲ್ಲ ನಮಗೇಕೆ ಎನ್ನುವವರು ನಮ್ಮ ಊರುಗಳತ್ತ ನೋಡಬೇಕು. ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನಿದ್ದ ಹಾಗೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಶಸ್ತ್ರಾಸ್ತ್ರ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ತಲೆಮಾರುಗಳ ಶಿಸ್ತು ಅಲ್ಲಿದೆ, ಹಿರಿಯರ ಕಣ್ಗಾವಲೂ ಇದೆ. ಆದರೂ ಸಂಘಟಕರು ಒಂದು ವ್ಯತ್ಯಾಸ ನೆನಪಿಡಬೇಕು. ತೋಟಾ ಕೋವಿಯ ಚರೆಗಳು ಕೆಲವು ನೂರು ಮೀಟರಿನಲ್ಲಿ ಬಲ ಕಳೆದುಕೊಂಡು ಬೀಳುತ್ತವೆ. .22 ರೈಫಲ್ಲಿನ ಗುಂಡು ಬೀಳುವುದು ಪಕ್ಕದ ಊರಿನ ತೋಟದಲ್ಲಿ. ಕಾಯಿ ಮರದ ತುದಿಯಲ್ಲಿದ್ದರೆ ಅದರ ಹಿಂದೆ ಇರುವುದು ಆಕಾಶ. ರೈಫಲ್ ಸ್ಪರ್ಧೆಯಾದರೆ ಕಾಯಿಯನ್ನು ಬರೆಯ ಬುಡದಲ್ಲಿ ಇಡುವುದೇ ಲೇಸು.

ಕಾಸರಗೋಡಿನ ಕನ್ನಡ ಊರುಗಳಲ್ಲಿ ಪ್ರಶ್ನೆ ಬೇರೆ ರೂಪದಲ್ಲಿದೆ. ತೋಟ ಹಾಳು ಮಾಡುವ ಕಾಡುಹಂದಿಗಳನ್ನು ಕೊಲ್ಲಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರ್ಕಾರ 2022ರಲ್ಲಿ ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರಿಗೆ ನೀಡಿತು. ಹಾಗಾಗಿ ಎಣ್ಮಕಜೆ, ಮೀಂಜದಂತಹ ಪಂಚಾಯತಿಗಳ ಅಧ್ಯಕ್ಷರ ಸಹಿಗೆ ಈಗ ಕೋವಿಯ ತೂಕ ಬಂದಿದೆ. ಪರವಾನಗಿ ಇರುವವರು ರಾತ್ರಿ ಟಾರ್ಚ್ ಬೆಳಕಿನಲ್ಲಿ ಅಡಿಕೆ ತೋಟಕ್ಕೆ ಇಳಿಯುತ್ತಾರೆ. ಪರವಾನಗಿ ಇದೆ ಎಂದರೆ ಕೋವಿ ಇಟ್ಟುಕೊಳ್ಳಬಹುದು ಎಂದಷ್ಟೇ. ಕತ್ತಲಲ್ಲಿ, ಜೊತೆಗಾರರು ಅತ್ತಿತ್ತ ಚದುರಿರುವಾಗ, ಓಡುವ ಪ್ರಾಣಿಗೆ ಹೊಡೆಯುವುದು ಬೇರೆಯೇ ವಿದ್ಯೆ. ಮಲೆನಾಡಿನಿಂದ ‘ಹಂದಿ ಎಂದುಕೊಂಡು’ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಆಗಾಗ ಬರುತ್ತಲೇ ಇರುತ್ತದೆ. ಸದ್ದಿಗೆ, ನೆರಳಿಗೆ, ಅಲ್ಲಾಡಿದ ಪೊದೆಗೆ ಹೊಡೆದ ಗುಂಡುಗಳು ಅವು. ಜೆಫ್ ಕೂಪರ್ ಹೆಸರಿನಲ್ಲಿ ಪ್ರಸಿದ್ಧವಾದ ನಾಲ್ಕು ಸೂತ್ರಗಳು ಇಲ್ಲಿಗೆ ನೇರವಾಗಿ ಹೊಂದುತ್ತವೆ: ಎಲ್ಲ ಕೋವಿಯೂ ಯಾವಾಗಲೂ ತುಂಬಿದೆ ಎಂದೇ ತಿಳಿ; ಹಾಳಾಗಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡ; ಗುರಿ ಕೂರುವವರೆಗೆ ಬೆರಳನ್ನು ಟ್ರಿಗರ್‌ನಿಂದ ದೂರ ಇಡು; ಗುರಿ ಯಾವುದು, ಅದರ ಹಿಂದೆ ಏನಿದೆ ಎಂಬುದು ಖಚಿತವಾಗದೆ ಹೊಡೆಯಬೇಡ. ಇವುಗಳಲ್ಲಿ ಯಾವುದಾದರೂ ಒಂದನ್ನು ಮುರಿದರೆ ಸಾಮಾನ್ಯವಾಗಿ ಬರೀ ಗಾಬರಿಯಲ್ಲಿ ಮುಗಿಯುತ್ತದೆ. ಎರಡನ್ನು ಒಟ್ಟಿಗೆ ಮುರಿದಾಗ ರಕ್ತ ಬೀಳುತ್ತದೆ.

ಮದುವೆ ಮೆರವಣಿಗೆಯಲ್ಲಿ ಗಾಳಿಗೆ ಗುಂಡು ಹಾರಿಸುವ ಶೋಕಿಗೂ ಈಗ ಕಾನೂನು ಬಾಗಿಲು ಹಾಕಿದೆ. ಶಸ್ತ್ರಾಸ್ತ್ರ ಕಾಯ್ದೆಗೆ 2019ರ ಡಿಸೆಂಬರಿನಲ್ಲಿ ಆದ ತಿದ್ದುಪಡಿಯಂತೆ, ಸಂಭ್ರಮಕ್ಕೆಂದು ಹಾರಿಸಿದ ಗುಂಡು ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಆದರೆ ಕಾನೂನು ಬರುವುದು ಗುಂಡು ಹಾರಿದ ಮೇಲೆ. ರೇಂಜಿನ ನಿಯಮ ಕೆಲಸ ಮಾಡುವುದು ಅದಕ್ಕೂ ಮೊದಲು, ಬೆರಳು ಟ್ರಿಗರ್‌ಗೆ ಹೋಗುವ ಹೊತ್ತಿನಲ್ಲಿ.

ಹಂದಿ ಬೇಟೆಗೆ ಪಟ್ಟಿಯಾದ ಶೂಟರ್‌ಗಳಿಗೆ ಪಂಚಾಯತಿಗಳು ವರ್ಷಕ್ಕೊಮ್ಮೆಯಾದರೂ ಈ ರೇಂಜಿನ ನಿಯಮಗಳ ಅಭ್ಯಾಸ ಕೊಡಿಸಬಹುದು. ಮಣ್ಣಿನ ದಿಬ್ಬ, ಒಬ್ಬ ರೇಂಜ್ ಆಫೀಸರ್, ಒಂದು ದಿನ ಸಾಕು. ಹಬ್ಬದ ಸ್ಪರ್ಧೆ ನಡೆಸುವ ಸಮಿತಿಗಳು ಬಹುಮಾನದ ಕಪ್ಪು ತರುವ ಮುನ್ನ ಮೂರು ಹೆಸರು ಗೊತ್ತುಮಾಡಿಕೊಳ್ಳಬೇಕು: ಗೂಡು ನೋಡುವವರು ಯಾರು, ತೋಟಾ ಎಣಿಸುವವರು ಯಾರು, ‘ನಿಲ್ಲಿಸಿ’ ಎಂದು ಹೇಳುವ ಅಧಿಕಾರ ಯಾರದು. ಮೂರನೆಯ ಹೆಸರೇ ಕಷ್ಟದ್ದು. ಊರಿನ ಸ್ಪರ್ಧೆಯಲ್ಲಿ ಶಾಸಕರ ಮಗನಿಗೋ, ನಿವೃತ್ತ ಅಧಿಕಾರಿಗೋ, ಬಹುಮಾನದ ಪ್ರಾಯೋಜಕರಿಗೋ ‘ನಿಮ್ಮ ಸರದಿ ಮುಗಿಯಿತು, ಮನೆಗೆ ಹೊರಡಿ’ ಎನ್ನುವುದು ಸುಲಭವಲ್ಲ. ಆದರೆ ಅಷ್ಟು ಹೇಳಬಲ್ಲ ಒಬ್ಬ ಮನುಷ್ಯ ಮೈದಾನದಲ್ಲಿ ಇಲ್ಲದಿದ್ದರೆ, ಆ ದಿನ ಅಲ್ಲಿ ಕೋವಿ ಹೊರಗೆ ತೆಗೆಯದಿರುವುದೇ ಒಳ್ಳೆಯದು.